ಗೋಡೆಯ ಮೇಲಿನ ಯಜಮಾನರು

ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಸದ್ದಿಲ್ಲ, ಕಣ್ಣಿನ ಕೆಳಗೆ ಗ್ಲಿಸರಿನ್ ಹೊಳೆಯುತ್ತದೆ — ಟಿವಿಯ ಸದ್ದನ್ನು ಯಾರೋ ಪೂರ್ತಿ ಇಳಿಸಿದ್ದಾರೆ, ಒಳ್ಳೆಯದೇ ಆಯಿತು, ಆಪರೇಷನ್ ಥಿಯೇಟರಿನ ಹೊರಗೆ ಕೂತವರಿಗೆ ಇನ್ನೊಬ್ಬರ ಅಳು ಬೇರೆ ಕೇಳಬೇಕೇ, ಆದರೆ ಅಷ್ಟೊಂದು ಚಾನೆಲ್‌ಗಳಿರುವಾಗ ಇದನ್ನೇ ಹಾಕಬೇಕಿತ್ತೇ, ಎಂಟು ಕಂಬದ ಮನೆ ಎಂಬ ಈ ಧಾರಾವಾಹಿ, ಹನ್ನೊಂದು ವರ್ಷ ದಿನಾ ಎಂಟೂವರೆಗೆ ಬಂದು ಜೀವ ತಿಂದದ್ದು ಸಾಲದೆ ಈಗ ಮಧ್ಯಾಹ್ನ ಮರುಪ್ರಸಾರ, ಮತ್ತು ಅಳುತ್ತಿರುವ ಆ ಹೆಂಗಸಿನ ಹೆಗಲಿನ ಹಿಂದೆ, ಗೋಡೆಯ ಮೇಲೆ, ಚೌಕಟ್ಟಿನೊಳಗೆ, ಪೇಟ ಕಟ್ಟಿಕೊಂಡು, ಗಂಧದ ಹಾರ ಹಾಕಿಸಿಕೊಂಡು, ನನ್ನ ಅಪ್ಪ. ಒಳಗೆ ಎದೆ ಬಿಚ್ಚಿಸಿಕೊಂಡು ಮಲಗಿರುವವರೂ ಅವರೇ. ಏಳೂವರೆಗೆ ಒಳಗೆ ಕರೆದುಕೊಂಡು ಹೋದರು, ನಾಲ್ಕು ಗಂಟೆಯ ಕೆಲಸ ಎಂದರು, ಈಗ ಒಂದೂ ಮುಕ್ಕಾಲು, ನಾನು ಗಣಿತದ ಟೀಚರು, ಏಳೂವರೆಗೆ ನಾಲ್ಕು ಕೂಡಿಸಿದರೆ ಎಷ್ಟು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದಲ್ಲಿ ಕೂತ ಆಸಿಯಮ್ಮ — ಬಜಗೋಳಿಯವರು, ಒಳಗೆ ಅವರ ತಮ್ಮ, ಹೆಸರು ಊರು ಸಂಬಂಧ ಎಲ್ಲ ಬೆಳಿಗ್ಗೆಯೇ ಹೇಳಿ ಮುಗಿಸಿದ್ದಾರೆ — ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕೊಟ್ಟು ಗದ್ದದಲ್ಲೇ ಟಿವಿಯ ಕಡೆ ತೋರಿಸುತ್ತಾರೆ, ಆ ಮನೆಗೆ ಇಷ್ಟೆಲ್ಲ ಆದದ್ದು ಯಜಮಾನ ಹೋದ ಮೇಲೆ ಅಲ್ವಾ, ಪಾಪ, ಒಳ್ಳೆ ಜನ, ಮುಖ ನೋಡುವಾಗಲೇ ಗೊತ್ತಾಗ್ತದೆ. ಒಳ್ಳೆ ಜನವೇ ಆಸಿಯಮ್ಮ, ಆದರೆ ಹಟ, ಅದು ಫೋಟೋದಲ್ಲಿ ಕಾಣುವುದಿಲ್ಲ — ಹಾಗೆ ಹೇಳಲಿಲ್ಲ, ಹೌದು ಎಂದೆ, ಅದು ನನ್ನ ಅಪ್ಪ ಎಂದರೆ ಹನ್ನೊಂದು ವರ್ಷದ ಆ ಒಂದೇ ಪ್ರಶ್ನೆ ಬರುತ್ತದೆ, ಅಯ್ಯೋ ಅವರು ಇನ್ನೂ ಇದ್ದಾರಾ, ನಾವು ಹೋದರು ಎಂದೇ ಎಣಿಸಿದ್ದು.

ಎಲ್ಲ ಶುರುವಾದದ್ದು ಒಂದು ರವಿಕೆಯಿಂದ. ಅಪ್ಪನದ್ದು ಕಾಪು ಪೇಟೆಯಲ್ಲಿ ಲೇಡೀಸ್ ಟೈಲರ್ ಅಂಗಡಿ, ಆಗ ಕಾರ್ಕಳದ ಹತ್ತಿರದ ಒಂದು ಹಳೆಯ ಮನೆಯಲ್ಲಿ ಧಾರಾವಾಹಿಯ ಶೂಟಿಂಗ್, ಬೆಂಗಳೂರಿನಿಂದ ಹೊಲಿಸಿ ತಂದ ರವಿಕೆ ಒಂದೂ ಯಾರ ಮೈಗೂ ಕೂರಲಿಲ್ಲವಂತೆ, ಅಪ್ಪನನ್ನು ಮೆಷಿನ್ ಸಮೇತ ಕರೆಸಿದರು, ಮೂರು ದಿನ ಜಗಲಿಯಲ್ಲಿ ಕೂತು ಹೊಲಿಗೆ ಬಿಚ್ಚಿ ಹೊಲಿದರು, ಮೂರನೆಯ ದಿನ ಮ್ಯಾನೇಜರ್ ಬಂದು, ಭೋಜಣ್ಣ, ನಿಮ್ಮ ಮೀಸೆ ಭಾರೀ ಲಾಯ್ಕ ಉಂಟು ಮಾರಾಯ್ರೆ, ಒಂದು ಫೋಟೋ ತೆಗೆಯುವ, ಮನೆಯ ಯಜಮಾನರ ಪಾತ್ರ. ಪಾತ್ರ ಎಂದ ಮೇಲೆ ಅಪ್ಪನಿಗೆ ಬೇರೆ ಏನು ಕೇಳುತ್ತದೆ, ಶಾಲೆಯ ನಾಟಕದಲ್ಲಿ ಬಾಗಿಲು ಕಾಯುವವನ ವೇಷ ಹಾಕಿದ್ದನ್ನು ಐವತ್ತು ವರ್ಷ ಹೇಳಿದ ಮನುಷ್ಯ, ಪೇಟ ಕಟ್ಟಿಸಿಕೊಂಡರು, ಜರಿ ಶಾಲು ಹೊದೆಸಿಕೊಂಡರು, ಬಲಗಡೆಯಿಂದ ತೆಗೆಯಿರಿ ಎಂದೂ ಹೇಳಿದರಂತೆ. ಯಜಮಾನರು ಮೊದಲ ಕಂತಿಗಿಂತ ಮೊದಲೇ ಸತ್ತಿರುತ್ತಾರೆ ಎಂದು ಯಾರೂ ಹೇಳಲಿಲ್ಲ. ಅವರಲ್ಲಿ ಅದೇ ಕ್ರಮವಂತೆ, ಆಮೇಲೆ ಗೊತ್ತಾಯಿತು, ಬಣ್ಣ ಹಚ್ಚುವವರು ಹಾರ ಬೀಳುವ ಫೋಟೋಗೆ ಮುಖ ಕೊಡಲು ಹೆದರುತ್ತಾರೆ, ಹಾಗಾಗಿ ಡ್ರೈವರೋ ಅಡುಗೆಯವರೋ ದರ್ಜಿಯೋ, ಗೊತ್ತಿಲ್ಲದ ಒಬ್ಬರನ್ನು ಹಿಡಿಯುವುದು. ಮೊದಲ ಕಂತಿನ ದಿನ ಕೇರಿಯ ಅರ್ಧ ಜನ ನಮ್ಮ ಚಾವಡಿಯಲ್ಲಿ, ಅಮ್ಮ ದೊಡ್ಡ ಪಾತ್ರೆಯಲ್ಲಿ ಶಿರಾ ಮಾಡಿದ್ದಾಳೆ, ಟಿವಿಯಲ್ಲಿ ಮೊದಲು ದೀಪ ಬಂತು, ಆಮೇಲೆ ಊದುಬತ್ತಿಯ ಹೊಗೆ, ಆಮೇಲೆ ಹಾರ, ಹಾರದೊಳಗೆ ಅಪ್ಪ. ಅಮ್ಮ ಕರಿಮಣಿ ಹಿಡಿದುಕೊಂಡು ಎದ್ದಳು, ಅದನ್ನು ಬಂದ್ ಮಾಡಿ, ಯಾರಾದರೂ ಅದನ್ನು ಬಂದ್ ಮಾಡಿ, ಪಕ್ಕದ ಮನೆಯ ಶಾರ್ಲೆಟ್ ಬಾಯಿಯೇ ಧೈರ್ಯ ಮಾಡಿದ್ದು, ಬೇಜಾರು ಮಾಡಬೇಡಿ ಮನೋರಮಕ್ಕ, ಏನೇ ಹೇಳಿ, ಸತ್ತವರ ಹಾಗೆ ಭಾರೀ ನ್ಯಾಚುರಲ್ ಬಂದಿದ್ದಾರೆ.

ಎರಡು ದಿನ ಅಪ್ಪ ಮುಖ ಊದಿಸಿಕೊಂಡಿದ್ದರು, ಮೂರನೆಯ ದಿನ ಎಂಟೂವರೆಗೆ ಸ್ನಾನ ಮಾಡಿ ಟಿವಿಯ ಎದುರು ಕೂತರು, ಇವತ್ತು ಹದಿನೇಳು ಸೆಕೆಂಡು ಬಂದೆ, ಇವತ್ತು ನಲವತ್ತು, ಇವತ್ತು ಕ್ಯಾಮೆರಾದವ ನನ್ನ ಕಡೆ ಬರಲೇ ಇಲ್ಲ, ಎಂತ ನಿರ್ದೇಶಕನಪ್ಪ ಇವ. ಊರಲ್ಲಿ ಹೆಸರೇ ಫೋಟೋ ಭೋಜಣ್ಣ ಎಂದಾಯಿತು, ಧಾರಾವಾಹಿಯ ದೊಡ್ಡಮ್ಮ ಕುಶಲಾ ತೊಡುತ್ತಿದ್ದ ಮೊಳಕೈ ಮುಟ್ಟುವ ತೋಳಿನ ರವಿಕೆಯೇ ಎಲ್ಲರಿಗೂ ಬೇಕು, ದೊಡ್ಡಮ್ಮ ತೋಳು ಇಡಿ ಭೋಜಣ್ಣ, ನಿಮ್ಮ ಹೆಂಡತಿಯದ್ದು ಉಂಟಲ್ಲ ಆ ನಮೂನೆಯದ್ದು — ಹೆಂಡತಿ ಎಂದರೆ ಟಿವಿಯ ಹೆಂಡತಿ, ವಿಧವೆ ಕುಶಲಾ, ಅಂಗಡಿಯ ಹಿಂದೆ ಗುಂಡಿ ಹೊಲಿಯುತ್ತ ಕೂತ ನನ್ನ ಅಮ್ಮ ಅಲ್ಲ, ಅವಳು ದಾರ ಕಚ್ಚಿ ಹರಿಯುವ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಹನ್ನೊಂದು ವರ್ಷದಲ್ಲಿ ಆ ಮನೆಯ ಸೊಸೆ ಮೂರು ಸಲ ಬದಲಾದಳು, ನಿನ್ನೆ ಒಂದು ಮುಖ, ಇನ್ನು ಮುಂದೆ ಈ ಪಾತ್ರದಲ್ಲಿ ಇವರು ಎಂದು ಒಂದು ಸಾಲು, ಇವತ್ತು ಇನ್ನೊಂದು ಮುಖ, ಹಿರಿಯ ಮಗ ಅಪಘಾತದಲ್ಲಿ ಸತ್ತು ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ಬೇರೆ ನಟನಾಗಿ ಬಂದ, ಬದಲಾಗದೆ ಉಳಿದವರು ಇಬ್ಬರೇ, ಕುಶಲಾ ಮತ್ತು ಗೋಡೆಯ ಮೇಲಿನ ಯಜಮಾನರು. ಅವಳು ದಿನಾ ಬೆಳಿಗ್ಗೆ ಸೆರಗಿನಲ್ಲಿ ಗಾಜು ಒರೆಸಿ ಹಾರ ಸರಿಮಾಡಿ ಮನೆಯ ಕಷ್ಟವನ್ನೆಲ್ಲ ಅಪ್ಪನಿಗೆ ಹೇಳುವುದು. ಹಾರ ಕಂದು ಬಣ್ಣಕ್ಕೆ ತಿರುಗಿತು, ಅಪ್ಪನ ಮೀಸೆ ಇಲ್ಲಿ ಬೆಳ್ಳಗಾಯಿತು, ಅಲ್ಲಿ ಆಗಲಿಲ್ಲ.

ನಾಲ್ಕು ವರ್ಷದ ಹಿಂದೆ ಅಮ್ಮ ಹೋದಳು, ಎರಡೇ ದಿನದ ಜ್ವರ, ಅವಳ ಫೋಟೋಗೆ ಚೌಕಟ್ಟು ಹಾಕಿಸಿ ತಂದಾಗ ಅಪ್ಪ ಹಾರ ಹಾಕಲು ಬಿಡಲಿಲ್ಲ, ಒಂದು ಮನೆಗೆ ಒಂದು ಹಾರ ಸಾಕು, ನನಗೆ ಬಿದ್ದದ್ದು ಅವಳ ಮೇಲೆ ತಿರುಗಿತು. ಹಾರದ ಹೆದರಿಕೆ ಅಲ್ಲಿಂದಲೇ ಶುರು. ಮೂರು ವಾರದ ಹಿಂದೆ ಎದೆನೋವು, ಮೂರು ಕಡೆ ಬ್ಲಾಕ್, ಬೈಪಾಸ್ ಬೇಗ ಆಗಬೇಕು ಎಂದು ಡಾಕ್ಟರು, ಸಹಿ ಹಾಕುವುದಿಲ್ಲ ಎಂದು ಅಪ್ಪ, ಆ ಹಾರ ಇಳಿಯದೆ ನಾನು ಕತ್ತಿಗೆ ಎದೆ ಕೊಡುವುದಿಲ್ಲ ಯಶು, ಹಾಕಿದವಳೇ ತೆಗೆಯಬೇಕು, ನನ್ನ ಎದುರೇ ತೆಗೆಯಬೇಕು. ಅಪ್ಪಾ, ಅದು ಕೊಲೆಸ್ಟರಾಲ್. ಕೊಲೆಸ್ಟರಾಲ್ ಎಲ್ಲರಿಗೂ ಉಂಟು, ಹಾರ ನನಗೆ ಮಾತ್ರ. ನಾನು ಚಿತ್ರ ಬರೆದು ತೋರಿಸಿದೆ, ರಕ್ತನಾಳ ಹೀಗೆ, ಕೊಬ್ಬು ಹೀಗೆ, ಅಪ್ಪ ಕನ್ನಡಕ ಏರಿಸಿ ನೋಡಿ, ಲಾಯ್ಕ ಬರೆದಿದ್ದೀ ಎಂದರು. ಮಸ್ಕತ್ತಿನಿಂದ ಗಂಡ ರೋಹಿತ್ ಫೋನಿನಲ್ಲಿ, ಅವರು ಹೇಳಿದ ಹಾಗೆ ಮಾಡಿಬಿಡು ಮಾರಾಯ್ತಿ, ನಿನಗೆ ಎಂತ ಹೋಗ್ತದೆ — ನನಗೆ ಎಂತ ಹೋಗ್ತದೆ! ಪರ್ಕಳದ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಇಬ್ಬರು ಮಕ್ಕಳ ಡಬ್ಬಿ ತುಂಬಿಸಿ, ಎರಡು ಬಸ್ಸು ಹಿಡಿದು ಶಾಲೆಗೆ ಹೋಗಿ, ಮಧ್ಯೆ ತಿದ್ದದ ನೂರಾ ಹನ್ನೆರಡು ಉತ್ತರಪತ್ರಿಕೆ ಹೊತ್ತುಕೊಂಡು, ಗಂಡ ಸಮುದ್ರದ ಆಚೆ, ಅಪ್ಪನ ಎದೆಯಲ್ಲಿ ಗಂಟೆ ಬಡಿಯುತ್ತಿರುವಾಗ ಒಂದು ಧಾರಾವಾಹಿಯ ನಟಿಯನ್ನು ಹುಡುಕಿಕೊಂಡು ಹೋಗುವುದಕ್ಕೆ ನನಗೆ ಎಂತ ಹೋಗ್ತದೆ. ಹುಡುಕಿದೆ. ಧಾರಾವಾಹಿ ಮುಗಿದು ಎರಡು ತಿಂಗಳಾಗಿತ್ತು, ಉಡುಪಿಯಲ್ಲಿ ಭಾನುವಾರ ಕಲಾವಿದರ ಸಮಾಗಮ ಎಂದು ಪೇಪರಿನಲ್ಲಿತ್ತು, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ ನಾನು ಯಜಮಾನರ ಫೋಟೋದವರ ಮಗಳು ಎಂದೆ, ಆಚೆಯ ದನಿ ಮೆತ್ತಗಾಯಿತು, ಅಯ್ಯೋ ಖಂಡಿತ ಬನ್ನಿ ಮೇಡಂ, ಅವರ ಫೋಟೋವನ್ನೂ ವೇದಿಕೆಯಲ್ಲಿ ಇಡುತ್ತೇವೆ, ನನಗೆ ಕಣ್ಣು ತುಂಬಿ ಬಂತು, ಎಷ್ಟು ಒಳ್ಳೆಯವರು ಎಂದುಕೊಂಡು ಫೋನಿಟ್ಟೆ. ಅಪ್ಪ ಬದುಕಿದ್ದಾರೆ ಎಂದು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ, ಯಾರಿಗೆ ತಾನೇ ಹೊಳೆಯುತ್ತದೆ, ಮನೆಯಲ್ಲಿ ಕೂತು ಚಕ್ಕುಲಿ ಕೇಳುತ್ತಿರುವ ಮನುಷ್ಯ ಬದುಕಿದ್ದಾರೆ ಎಂದು ಬೇರೆ ಹೇಳಬೇಕೇ.

ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು, ಕಾಲುದೀಪ, ನಾಲ್ಕು ಫೋಟೋ, ಮೂವರು ನಿಜವಾಗಿ ಹೋದವರು — ಅಜ್ಜಿಯ ಪಾತ್ರದವರು, ವಕೀಲನ ಪಾತ್ರದವರು, ಸಂಭಾಷಣೆ ಬರೆದವರು — ನಾಲ್ಕನೆಯದು ಪೇಟ, ಮೀಸೆ, ಹಾರ. ನಮ್ಮನ್ನು ಅಗಲಿದ ಕಲಾವಿದರಿಗಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ. ಮೂರನೆಯ ಸಾಲಿನಲ್ಲಿ ಹೊಸ ಪಂಚೆ ಉಟ್ಟು ಕೂತಿದ್ದ ಅಪ್ಪ ಎಲ್ಲರಿಗಿಂತ ಮೊದಲು ಎದ್ದರು. ಅಪ್ಪಾ ಕೂತುಕೊಳ್ಳಿ, ಕೈ ಹಿಡಿದು ಎಳೆದೆ, ನಾನು ಹೋಗಿ ಹೇಳಿ ಬರುತ್ತೇನೆ, ಏನು ಜನ ಇವರು, ಕೂತುಕೊಳ್ಳಿ. ಸುಮ್ಮನಿರು, ಉಳಿದ ಮೂವರಿಗೆ ಬೇಡವಾ. ನಿಂತೆ, ಮತ್ತೇನು ಮಾಡಲಿ, ಅಪ್ಪನ ಪಕ್ಕದಲ್ಲಿ ನಿಂತು ಅಪ್ಪನಿಗಾಗಿ ಒಂದು ನಿಮಿಷ ಮೌನ, ಮೂರು ವಾರದಲ್ಲಿ ಯಾರೂ ನನ್ನನ್ನು ಏನೂ ಕೇಳದ ಮೊದಲ ನಿಮಿಷ, ನಿಜ ಹೇಳುತ್ತೇನೆ, ಹಾಯೆನಿಸಿತು. ಆಮೇಲೆ ಅಪ್ಪ ನೇರ ನಡೆದು ಮೆಟ್ಟಿಲು ಹತ್ತಿದರು, ಎರಡು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಂಡು, ಅಲ್ಲಿ ನಿಂತಿದ್ದ ಕುಶಲಾ, ಎಂದರೆ ಆ ಪಾತ್ರದ ನಟಿ, ತಿರುಗಿ ನೋಡಿದಳು, ಟಿವಿಯಲ್ಲಿ ಕಾಣುವುದಕ್ಕಿಂತ ಕುಳ್ಳಿ, ದಪ್ಪ ಕನ್ನಡಕ, ಮೇಜಿನ ಮೇಲಿನ ಫೋಟೋ ನೋಡಿದಳು, ಅಪ್ಪನನ್ನು ನೋಡಿದಳು, ಕುರ್ಚಿ ಹಿಡಿದುಕೊಂಡಳು, ನೀವು — ಅಯ್ಯೋ ದೇವರೇ, ನಿಮ್ಮ ಹತ್ತಿರ ನಾನು ಎಷ್ಟು ಹೇಳಿಕೊಂಡಿದ್ದೇನೆ. ಕೇಳಿದ್ದೇನಮ್ಮ, ದಿನಾ ಎಂಟೂವರೆಗೆ. ಹಾಗಲ್ಲ, ಸ್ಕ್ರಿಪ್ಟಿನಲ್ಲಿ ಇಲ್ಲದ್ದೂ ಹೇಳಿದ್ದೇನೆ, ಲೈಟ್ ಆರಿಸಿದ ಮೇಲೆ. ಅದು ಇರಲಿ, ಯಾರಿಗೂ ಹೇಳುವುದಿಲ್ಲ, ಆ ಹಾರ ಒಂದು ತೆಗೀರಿ. ಅವಳು ನಗುತ್ತಲೋ ಅಳುತ್ತಲೋ ಎರಡೂ ಕೈಯಿಂದ ಹಾರ ಎತ್ತಿದಳು, ಇಷ್ಟೇ, ಇಷ್ಟೇ ಆಗಬೇಕಿದ್ದದ್ದು, ಮುಗಿಯಿತು, ಇನ್ನು ಸಹಿ, ಇನ್ನು ಆಸ್ಪತ್ರೆ ಎಂದು ನಾನು ಬ್ಯಾಗು ಎತ್ತಿಕೊಂಡೆ — ಅಷ್ಟರಲ್ಲಿ ಮೊಬೈಲುಗಳೆಲ್ಲ ಮೇಲೆದ್ದವು, ಮೈಕಿನವನು ಜೋರಾದ ಚಪ್ಪಾಳೆ ಬರಲಿ ಎಂದ, ಕೈಯಲ್ಲಿ ಹಾರ ಉಂಟು, ಎದುರಿಗೆ ಮನುಷ್ಯ ಉಂಟು, ಕ್ಯಾಮೆರಾ ಉಂಟು, ಅವಳಿಗೆ ತಿಳಿದದ್ದು ಅದೊಂದೇ, ಅಪ್ಪನ ಕುತ್ತಿಗೆಯ ಕಡೆ ಹಾರ ಚಾಚಿದಳು, ಗಂಧದ ಹಾರ, ನಮ್ಮಲ್ಲಿ ಸತ್ತವರ ಫೋಟೋಗೂ ಅದೇ, ಸಭೆಯ ಮುಖ್ಯ ಅತಿಥಿಗೂ ಅದೇ, ಬೇಡ ಎಂದು ಕೂಗು ಬಂದದ್ದು ನನ್ನ ಬಾಯಿಯಿಂದ, ಮೂರು ವಾರ ಕೊಲೆಸ್ಟರಾಲ್ ಕೊಲೆಸ್ಟರಾಲ್ ಎಂದ ಬಾಯಿಯಿಂದ, ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ. ಹಾರ ಹಾಕಲು ಬಂದವರ ಎದುರು ಮಾಡಬೇಕಾದ್ದನ್ನೇ ಅಪ್ಪ ಮಾಡಿದರು, ಕುತ್ತಿಗೆ ಬಾಗಿಸಿದರು.

ಬರುವಾಗ ರಿಕ್ಷಾದಲ್ಲಿ ಎಂತಹ ಖುಷಿ, ಈಗ ಸರಿ ಆಯಿತು ನೋಡು, ಸತ್ತವನಿಗೆ ಯಾರಾದರೂ ಸನ್ಮಾನ ಮಾಡ್ತಾರಾ, ಲೆಕ್ಕ ಚುಕ್ತಾ, ಎಲ್ಲಿ ಸಹಿ ಹಾಕಬೇಕು ಹೇಳು. ನಾಲ್ಕು ಕಡೆ ಸಹಿ ಹಾಕಿದರು, ಇವತ್ತು ಬೆಳಿಗ್ಗೆ ನರ್ಸಿಗೆ ಮೊಬೈಲಿನಲ್ಲಿ ವೀಡಿಯೋ ತೋರಿಸಿದರು, ನಗುತ್ತ ಒಳಗೆ ಹೋದರು, ಹೆದರಿಕೆಯೆಲ್ಲ ನನಗೆ ಬಿಟ್ಟು ಹೋದರು, ಅನ್ಯಾಯ ಅಲ್ಲವೇ ಇದು, ಹನ್ನೊಂದು ವರ್ಷ ನಂಬದೆ ಉಳಿದವಳು ನಾನು. ಬಾಗಿಲು ತೆರೆಯುತ್ತದೆ, ಎದ್ದು ನಿಲ್ಲುತ್ತೇನೆ, ಕರೆದದ್ದು ಆಸಿಯಮ್ಮನನ್ನು, ತಮ್ಮನನ್ನು ಹೊರಗೆ ತರುತ್ತಿದ್ದಾರೆ, ಅವರು ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು, ಕುಡಿಯಿರಿ, ಇನ್ನೂ ಬಿಸಿ ಉಂಟು, ನಿಮ್ಮವರು ಯಾರು ಒಳಗೆ, ಅಪ್ಪ ಎಂದೆ, ಬರ್ತಾರೆ, ಹೆದರಬೇಡಿ ಮಗಳೇ, ಎಂದು ಓಡಿದರು. ಎರಡು ಗಂಟೆ ಹತ್ತು. ಬೇರೆ ಏನಾದರೂ ಯೋಚಿಸಬೇಕು, ಮಕ್ಕಳು ನಾಲ್ಕಕ್ಕೆ ಬರುತ್ತವೆ, ಬೀಗದ ಕೈ ಕೆಳಗಿನ ಮನೆಯಲ್ಲಿದೆ, ಸಂಜೆಗೆ ಏನು — ಅಪ್ಪ ಕುತ್ತಿಗೆ ಬಾಗಿಸಿದರು. ಹತ್ತನೆಯ ಬಿ ಸೆಕ್ಷನ್ನಿನ ಅಂಕ ನಾಳೆ ಕಂಪ್ಯೂಟರಿಗೆ ಏರಿಸಬೇಕು, ಮೂರನೆಯ ಪ್ರಶ್ನೆಗೆ ಹಂತಕ್ಕೆ ಅರ್ಧ — ಬಾಗಿಸಿದರು, ಯಾರೂ ಹೇಳಲಿಲ್ಲ, ಕುಶಲಾ ಕುಳ್ಳಿ, ಅವಳಿಗೆ ಎಟುಕಲೆಂದು ಇನ್ನೂ ಸ್ವಲ್ಪ ಕೆಳಗೆ, ಎಷ್ಟು ಮರ್ಯಾದೆಯಿಂದ, ಹಿಂಗತ್ತಿನಲ್ಲಿ ಬಿಳಿ ಕೂದಲಿನ ಕೆಳಗೆ ಐವತ್ತು ವರ್ಷ ಅಳತೆಪಟ್ಟಿ ಜೋತು ಜೋತು ನಯವಾದ ಒಂದು ಗೆರೆ, ನಾನು ಅದನ್ನು ಹಿಂದೆಂದೂ ನೋಡಿರಲಿಲ್ಲ, ಹಾರ ಸರಿಯಾಗಿ ಅಲ್ಲೇ ಕೂತಿತು, ಅಳತೆ ತೆಗೆದು ಮಾಡಿಸಿದ ಹಾಗೆ, ಬಾಗಿಲು ಮತ್ತೆ ತೆರೆಯುತ್ತದೆ, ಭೋಜ ಅವರ ಕಡೆಯವರು ಯಾರು, ನಾನು, ನಾನೇ, ಬಂದೆ, ಫ್ಲಾಸ್ಕು ಹಿಡಿದುಕೊಂಡೇ ಏಳುತ್ತೇನೆ, ಆ ಬಾಗಿದ ಕುತ್ತಿಗೆ —