ಆಷಾಢದ ಹಕ್ಕಿಗಳು

ನಮ್ಮ ಯಜಮಾನರು ಅಂದಾನಪ್ಪನವರಿಗೆ ಹಕ್ಕಿಯ ಹುಚ್ಚು. ಮಗಳು ಅಂಕಿತಾ ಹುಟ್ಟಿದ ದಿನ ನನ್ನ ಕೈ ಮುಟ್ಟಿ, ಇನ್ನು ಬೀಡಿ ಸೇದುವುದಿಲ್ಲ ಎಂದು ಆಣೆ ಮಾಡಿದರು. ಮರುವಾರವೇ ಈ ಹುಚ್ಚು ಹಿಡಿಯಿತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನಮ್ಮ ಮಾಗಡಿ ಕೆರೆಯ ದಂಡೆಗೆ ಹೋಗಿ ಬರುತ್ತಾರೆ. ಹೆಬ್ಬಾತುಗಳು ದೂರದೇಶದಿಂದ ಬರುವುದು ಚಳಿಗಾಲಕ್ಕೆ. ಬೇಸಿಗೆ ಹತ್ತಿರವಾದರೆ ಹೊರಟುಹೋಗುತ್ತವೆ. ನಮ್ಮವರು ಮಾತ್ರ ಹನ್ನೆರಡು ತಿಂಗಳೂ ನೋಡುತ್ತಾರೆ. ಬರುವಾಗ ಬಾಯಲ್ಲಿ ಲವಂಗ, ಮುಖದಲ್ಲಿ ಬೆಣ್ಣೆ ತಿಂದ ಬೆಕ್ಕಿನ ಕಳೆ. ಆ ಮುಖ ನೋಡಿದರೆ ಬೈಯಲು ನನಗೆ ಮನಸ್ಸೇ ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವರ ದವಡೆ ಹಲ್ಲು ಬಿದ್ದವು. ಖಡಕ್ ರೊಟ್ಟಿ ಇಲ್ಲದ ಊಟವನ್ನು ಊಟವೆನ್ನದ ಮನುಷ್ಯ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ನುಂಗತೊಡಗಿದರು. ಅವರ ಎದುರಿಗೆ ಕೂತು ಕಟುಂ ಎಂದು ಮುರಿಯಲು ನನಗೆ ಸಂಕಟ. ನಾನೂ ನನ್ನ ರೊಟ್ಟಿಯನ್ನು ನೆನೆಸಿಯೇ ತಿನ್ನತೊಡಗಿದೆ. ಕೊನೆಗೆ ಹಟ ಹಿಡಿದು, ಈ ಆಷಾಢದಲ್ಲಿ, ಲಕ್ಷ್ಮೇಶ್ವರದ ಹಲ್ಲಿನ ಡಾಕ್ಟರ್ ಸುನಿತಾ ಅವರ ಹತ್ತಿರ ಕರೆದೊಯ್ದೆ.

"ಎಲುಬು ಗಟ್ಟಿ ಐತ್ರಿ ಅಜ್ಜಾರ," ಎಂದರು ಡಾಕ್ಟರು. "ಅದರಾಗ ಸಣ್ಣ ಸ್ಕ್ರೂ ಕೂಡಸ್ತೀನಿ, ಇಂಪ್ಲಾಂಟ್ ಅಂತಾರ. ಎಲುಬು ಅದನ್ನ ಹಿಡಕೊಂಡ ಮ್ಯಾಲ ಹಲ್ಲು. ಬೀಡಿ ಸೇದದವರಿಗೆ ಆರು ವಾರಕ್ಕ ಹಲ್ಲು ಹಾಕಬಹುದು. ಸೇದೋರು ಬೀಡಿ ಬಿಟ್ಟು ನಾಕು ತಿಂಗಳ ಕಾಯಬೇಕು. ಇಲ್ಲಂದ್ರ ಸ್ಕ್ರೂ ಅಳ್ಳಾಡಿ ಕಿತ್ತು ಬರತೈತಿ. ನೀವು ಸೇದ್ತೀರೇನ್ರಿ?"

"ಇಲ್ರಿ," ಎಂದರು ನಮ್ಮವರು, ನನ್ನ ಕಡೆ ನೋಡದೆ. "ಬಿಟ್ಟು ಇಪ್ಪತ್ತೆಂಟ ವರ್ಷ ಆತು."

ಸುಮ್ಮನಿದ್ದರೆ ಹಲ್ಲು ಹೋಗುತ್ತದೆ, ಬಾಯಿ ಬಿಟ್ಟರೆ ಅವರ ಮಾನ ಹೋಗುತ್ತದೆ.

"ಇವರಿಗೆ ಹಕ್ಕಿ ನೋಡೋ ಚಟ ಐತ್ರಿ," ಎಂದೆ. "ದಿನಾ ಎರಡ ಸಲ ಕೆರಿಗೆ ಹೋಗ್ತಾರ. ಇವತ್ತ ಮುಂಜಾನೆನೂ ಹೋಗಿದ್ರು."

"ಆಷಾಢದಾಗ ಹಕ್ಕಿ ಇರತಾವೇನ್ರಿ?"

"ಒಂದೂ ಇಲ್ರಿ."

ಡಾಕ್ಟರು ನಮ್ಮಿಬ್ಬರನ್ನೂ ನೋಡಿದರು. ನಗಲಿಲ್ಲ, ಪುಣ್ಯಾತ್ಗಿತ್ತಿ. "ಹಂಗಾದ್ರ ಸ್ಕ್ರೂ ಹಾಕಿದ ಮ್ಯಾಲ ಹಲ್ಲಿಗೆ ನಾಕು ತಿಂಗಳ ಕಾಯೋಣ್ರಿ. ಹಕ್ಕಿ ನೋಡೋದು ಇವತ್ತಿಂದ ಬಂದ್. ಹದಿನೈದು ದಿನ ಬಿಟ್ಟು ಬರ್ರಿ, ಸ್ಕ್ರೂ ಹಾಕ್ತೀನಿ."

ಬಸ್ಸಿನಲ್ಲಿ ಅವರು ನನ್ನ ಕಡೆ ತಿರುಗಿದರು. "ಯಾವಾಗಿಂದ ಗೊತ್ತಿತ್ತ ನಿನಗ?"

"ನಿಮ್ಮ ಅಂಗಿ ಕಿಸೆದಾಗಿನ ಲವಂಗ ಇಷ್ಟ ವರ್ಷ ಮುಗೀಲೇ ಇಲ್ಲ. ಯಾರ ಹಾಕ್ತಿದ್ರು ಅಂತ ಒಮ್ಮೆರ ವಿಚಾರ ಮಾಡೀರೇನ್ರಿ?"

ಅವರು ಕಿಸೆಯಿಂದ ಬೀಡಿ ಕಟ್ಟು ತೆಗೆದು ನನ್ನ ಅಂಗೈಯಲ್ಲಿಟ್ಟರು.

ಸ್ಕ್ರೂ ಹಾಕಿಸಿಕೊಂಡ ಮೇಲೂ ಸಂಜೆ ಕೆರೆಗೆ ಹೋಗುವುದು ತಪ್ಪಲಿಲ್ಲ. ನಾನೂ ಜೊತೆಗೆ ಹೋದೆ. ಬೀಡಿ ಇಲ್ಲದೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ನಾನು ಹಿಡಿದುಕೊಂಡು ಕೂರುತ್ತಿದ್ದೆ. ಮದುವೆಯಾದ ಹೊಸತರಲ್ಲೂ ನಾವು ಹಾಗೆ ಕೂತವರಲ್ಲ. ಸಿಟ್ಟು ಬಂದ ದಿನ ನನ್ನ ಮೇಲೆ ರೇಗುತ್ತಿದ್ದರು, ಕೈ ಮಾತ್ರ ಬಿಡಿಸಿಕೊಳ್ಳುತ್ತಿರಲಿಲ್ಲ.

ಕಾರ್ತಿಕದ ಕೊನೆಗೆ ಡಾಕ್ಟರು ಪರೀಕ್ಷಿಸಿ, ಸ್ಕ್ರೂ ಬಂಡೆಯಂತೆ ಕೂತಿದೆ ಎಂದು ಹಲ್ಲು ಕೂಡಿಸಿದರು. ಬಸ್ಸಿಳಿದವರೇ ಕೆರೆಗೆ ಹೋದೆವು. ನೀರಿನ ತುಂಬ ಹೆಬ್ಬಾತು. ನಮ್ಮವರು ಕಣ್ಣು ಕಿರಿದು ಮಾಡಿ ನೋಡಿದರು.

"ಅಲ್ಲಾ, ಇವುಕ್ಕ ತಲಿ ಮ್ಯಾಲ ಕರೇ ಪಟ್ಟಿ ಇರತಾವೇನು?"

ಇಪ್ಪತ್ತೆಂಟು ವರ್ಷ ಹಕ್ಕಿ ನೋಡಿದ ಮನುಷ್ಯ! ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಚೀಲದಿಂದ ಶೇಂಗಾ ಚಟ್ನಿ ಸವರಿದ ಖಡಕ್ ರೊಟ್ಟಿ ತೆಗೆದುಕೊಟ್ಟೆ. ಅವರು ಹೆದರುತ್ತಲೇ ಕಚ್ಚಿದರು. ಕಟುಂ ಎಂದಿತು.

ಎರಡು ವರ್ಷದಲ್ಲಿ ಮೊದಲ ಸಲ ನಾನೂ ಒಂದು ಒಣ ರೊಟ್ಟಿ ಮುರಿದೆ.