ಚುಕ್ಕಿ ನಿಂತ ಜಾಗ

ಬೀದಿಯವರೆಲ್ಲ ಅವನನ್ನು ಕನ್ನಡಕದವನು ಎಂದೇ ಕರೆಯುತ್ತಿದ್ದರು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವನ ಕೆಲಸ. ಸಂಜೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಮಾತ್ರ ಅವನಿಗೊಂದು ಹುಚ್ಚು ಹಿಡಿಯುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತು ಪ್ರೋಗ್ರಾಮ್ ಬರೆಯುತ್ತಿದ್ದ. ಯಾರೂ ಕಲಿಸಿದ್ದಲ್ಲ, ವೀಡಿಯೊ ನೋಡಿ, ತಪ್ಪು ಮಾಡಿ, ತಲೆ ಕೆರೆದುಕೊಂಡು ತಾನೇ ಕಲಿತದ್ದು.

ಫೋನಿನ ವಿಷಯದಲ್ಲಿ ಅವನದು ಭಾರಿ ಮಡಿ. ಪಾಸ್‌ವರ್ಡ್ ಮಾರುದ್ದ ಇರಬೇಕು, ಕಂಡಕಂಡ ಆ್ಯಪ್ ಹಾಕಬಾರದು, ಅದು ಏನು ಕೇಳಿದರೂ ಕಣ್ಣುಮುಚ್ಚಿ 'ಸರಿ' ಒತ್ತಬಾರದು. ಅಂಗಡಿಯ ಯಜಮಾನರು ಇನ್ನೂ ಒಂದು ಹೆಜ್ಜೆ ಮುಂದೆ.

"ಇದಕ್ಕೆ ಕಿವಿ ಇದೆ ಕಣಯ್ಯಾ," ಎಂದು ಫೋನನ್ನು ಕನ್ನಡಕದ ಡಬ್ಬಿಯೊಳಗೆ ತುರುಕಿ ಪಿಸುಗುಡುತ್ತಿದ್ದರು. "ಮನೇಲಿ ಬೆನ್ನು ನೋವು ಅಂದೆ, ಅಷ್ಟೇ. ಬೆಳಗಾದ್ರೆ ಬರೀ ಹಾಸಿಗೆ ಜಾಹೀರಾತು!"

ಮನೆಯಲ್ಲಿ ಮಾತ್ರ ಅವನ ಉಪದೇಶವನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. "ನನ್ನ ಫೋಟೋ ಕದ್ದು ಯಾರು ಏನು ಮಾಡ್ತಾರಪ್ಪ, ಅವರಿಗೂ ಬೇಜಾರಾಗುತ್ತೆ," ಎಂದು ಕಾಲೇಜಿಗೆ ಹೋಗುವ ಮಗಳು ನಗುತ್ತಿದ್ದಳು. ಹೆಂಡತಿಗೆ ಫೋನೆಂದರೆ ಬ್ಯಾಗಿನ ತಳದಲ್ಲಿ ಬಿದ್ದಿರುವ ಇನ್ನೊಂದು ವಸ್ತು, ಅಷ್ಟೆ. ಅವಳು ದೊಡ್ಡಾಸ್ಪತ್ರೆಯಲ್ಲಿ ಹೆಸರು ನೋಂದಾಯಿಸುವ ಕಿಟಕಿಯ ಹಿಂದೆ ಕೂರುವವಳು. ಯಾವ ಡಾಕ್ಟರು, ಯಾವ ಮಹಡಿ, ಇನ್ನೆಷ್ಟು ಹೊತ್ತು, ಯಾಕೆ ಇಷ್ಟು ಹೊತ್ತು ಎಂದು ಕೇಳುವವರಿಗೆಲ್ಲ ಬೆಳಗಿಂದ ಸಂಜೆವರೆಗೆ ಉತ್ತರ ಕೊಡುತ್ತಿದ್ದಳು.

ಫೋನನ್ನು ನಿಜವಾಗಿ ಬಳಸುತ್ತಿದ್ದವಳೆಂದರೆ ಅವನ ಅಮ್ಮ. ಸಂಜೆಯಾದರೆ ಸಾಕು, ಒಬ್ಬೊಬ್ಬರಿಗೂ ಕರೆ. "ಎಲ್ಲಿದ್ದೀಯ? ಹೊರಟ್ಯಾ? ಹೊರಟಿದ್ರೆ ಯಾಕಿನ್ನೂ ಬಂದಿಲ್ಲ?" ಸೊಸೆಯ ಕಿಟಕಿಯ ಮುಂದೆ ಜನ ಸಾಲುಗಟ್ಟಿ ನಿಂತಿರುವಾಗಲೂ ಫೋನು ಹೊಡೆದುಕೊಳ್ಳುತ್ತಿತ್ತು.

ಇದಕ್ಕೊಂದು ಮದ್ದು ಹುಡುಕಬೇಕೆಂದು ಅವನು ಒಂದು ಆ್ಯಪ್ ಬರೆದ. 'ಬಂದೆ' ಎಂಬ ಗುಂಡಿ ಒತ್ತಿದರೆ ಅಮ್ಮನ ಹಳೇ ಟ್ಯಾಬ್‌ನಲ್ಲಿ ಅವರವರ ಬಣ್ಣದ ಚುಕ್ಕಿ ಮನೆಯ ಚಿತ್ರಕ್ಕೆ ಬಂದು ಕೂರಬೇಕು. ಮಗ ಬರೆದದ್ದು ಎಂದು ಅಮ್ಮ ಹಿಗ್ಗಿದಳು. ಆದರೆ ಗುಂಡಿ ಒತ್ತುವುದನ್ನು ಎಲ್ಲರೂ ಮರೆಯುತ್ತಿದ್ದರು. ಆಗ ಅವನು, "ಇನ್ಮೇಲೆ ಏನೂ ಒತ್ತೋದು ಬೇಡ, ನೀವೆಲ್ಲಿದ್ದೀರಿ ಅಂತ ಫೋನೇ ಹೇಳುತ್ತೆ, ಆಗಬಹುದಾ?" ಎಂದು ಕೇಳಿದ. ಮೂವರೂ ತಲೆಯೆತ್ತದೆ ಹೂಂ ಅಂದರು. ಅಮ್ಮ ಅಂದಿನಿಂದ ಧಾರಾವಾಹಿ ಬಿಟ್ಟು ಚುಕ್ಕಿಗಳನ್ನೇ ನೋಡತೊಡಗಿದಳು. ಯಾವ ಬೀದಿ ಎಂದು ಟ್ಯಾಬ್‌ನಲ್ಲಿ ಕಾಣುತ್ತಿರಲಿಲ್ಲ, ಚುಕ್ಕಿ ಮನೆಯ ಚಿತ್ರಕ್ಕೆ ಎಷ್ಟು ಹತ್ತಿರ ಬಂತು ಎಂದಷ್ಟೇ ತಿಳಿಯುತ್ತಿತ್ತು. ಕರೆ ಮಾಡುವುದು ನಿಂತಿತು.

ಏನಾದರೂ ಕೆಟ್ಟರೆ ಹುಡುಕಲು ಸುಲಭವಾಗಲಿ ಎಂದು, ಚುಕ್ಕಿಗಳು ನಡೆದ ದಾರಿಯನ್ನೂ ಅವನು ತನ್ನ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುತ್ತಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥದ್ದು ಎಂದೇ ಅನ್ನಿಸಿರಲಿಲ್ಲ.

ಒಂದು ದಿನ ಆ ದಾರಿಗಳನ್ನು ನೋಡುವಾಗ ಒಂದು ಎಡವಟ್ಟು ಕಣ್ಣಿಗೆ ಬಿತ್ತು. ಹೆಂಡತಿಯ ಹಸಿರು ಚುಕ್ಕಿ ಆಸ್ಪತ್ರೆಯಿಂದ ಹೊರಟು, ಬಸ್ ನಿಲ್ದಾಣಕ್ಕೂ ಮೊದಲೇ ಒಂದು ತಿರುವಿನಲ್ಲಿ ಅಲ್ಲಾಡದೆ ನಿಂತುಬಿಡುತ್ತಿತ್ತು. ಬಹಳ ಹೊತ್ತಾದ ಮೇಲೆ ಮತ್ತೆ ಹೊರಡುತ್ತಿತ್ತು. ನಿನ್ನೆಯೂ ಹಾಗೆ, ಮೊನ್ನೆಯೂ ಹಾಗೆ.

ಪ್ರೋಗ್ರಾಮಿನಲ್ಲೇ ಏನೋ ತಪ್ಪಿದೆ, ಬಗ್ ಸೇರಿಕೊಂಡಿದೆ ಎಂದುಕೊಂಡ. ಬರೆದದ್ದನ್ನೆಲ್ಲ ಸಾಲುಸಾಲಾಗಿ ಓದಿದ. ಒಂದು ಕಡೆ ತಿದ್ದಿದ, ಇನ್ನೊಂದು ಕಡೆ ಕೆಟ್ಟಿತು, ಅದನ್ನು ಸರಿಮಾಡಿದ. ಚುಕ್ಕಿ ಜಪ್ಪಯ್ಯ ಅನ್ನಲಿಲ್ಲ, ಅಲ್ಲೇ ನಿಲ್ಲುತ್ತಿತ್ತು. ಕೊನೆಗೆ ತನ್ನಂಥ ಹವ್ಯಾಸಿಗಳ ಗುಂಪಿನಲ್ಲಿ ಕೇಳಿದ. ಕೆಲವರು ಫೋನನ್ನು ಬೈದರು, ಕೆಲವರು ಸಿಗ್ನಲನ್ನು. ಮುಖ ನೋಡಿರದ ಯಾರೋ ಒಬ್ಬರು ಮಾತ್ರ ಹೀಗೆ ಬರೆದಿದ್ದರು: "ಆ ಫೋನು ನಿಜವಾಗಲೂ ಅಲ್ಲೇ ಇರಬಹುದಲ್ಲವೇ?"

ಅವನು ಅದನ್ನು ಎರಡು ಸಲ ಓದಿದ. ಇಷ್ಟು ದಿನ ಆ ಯೋಚನೆ ಹತ್ತಿರವೂ ಸುಳಿದಿರಲಿಲ್ಲ.

ಮರುದಿನ ಅಂಗಡಿಯಿಂದ ಬೇಗ ಹೊರಟ. ಸಿಗ್ನಲ್ ಹೇಗಿದೆ ನೋಡಿಬರೋಣ ಎಂದು ತನಗೆ ತಾನೇ ಹೇಳಿಕೊಂಡ. ತಿರುವಿನಲ್ಲಿದ್ದದ್ದು ಎರಡು ಮಹಡಿಯ ಪೀಠೋಪಕರಣದ ಅಂಗಡಿ. ಎದುರಿನ ಔಷಧಿ ಅಂಗಡಿಯ ಚಾವಣಿಯ ಕೆಳಗೆ ನಿಂತು ತಲೆಯೆತ್ತಿದ. ಮೇಲಿನ ಮಹಡಿಯ ಗಾಜಿನ ಹಿಂದೆ ಮಂಚ, ಸೋಫಾ, ಕಪಾಟುಗಳ ನಡುವೆ, ಬೆಲೆಚೀಟಿ ತೂಗುತ್ತಿದ್ದ ಒಂಟಿ ಆರಾಮಕುರ್ಚಿಯಲ್ಲಿ ಅವನ ಹೆಂಡತಿ ಕೂತಿದ್ದಳು. ಚಪ್ಪಲಿ ಬಿಟ್ಟು ಕಾಲು ಮಡಚಿಕೊಂಡಿದ್ದಳು. ಬ್ಯಾಗು ನೆಲದ ಮೇಲಿತ್ತು. ಫೋನಿಲ್ಲ, ಮಾತಿಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ಅಂಗಡಿಯ ಹುಡುಗಿಯೊಬ್ಬಳು ಧೂಳು ಒರೆಸುತ್ತ ಬಂದು, ಅವಳ ಕುರ್ಚಿಯನ್ನು ಮಾತ್ರ ಬಿಟ್ಟು ಮುಂದೆ ಹೋದಳು.

ಹೆಂಡತಿಯ ಅಂಥ ಮುಖವನ್ನು ಅವನು ನೋಡಿ ಎಷ್ಟೋ ಕಾಲವಾಗಿತ್ತು. ಅದರಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ. ಯಾರಿಗೂ ಏನೂ ಹೇಳಬೇಕಾಗಿಲ್ಲದ ಮುಖ. ಅವನಿಗೆ ಮೊದಲು ನಿರಾಳವಾಯಿತು, ಆಮೇಲೆ ನಾಚಿಕೆ. ಪರರ ಮನೆಯ ಕಿಟಕಿಯಲ್ಲಿ ಇಣುಕಿದವನಂತೆ ಗೋಡೆ ಸವರಿಕೊಂಡು ಮನೆಗೆ ಬಂದ.

ಅವಳು ಬಂದಾಗ ಅಮ್ಮ, "ತಡವಾಯ್ತಲ್ಲ?" ಎಂದಳು.

"ಬಸ್ ಸಿಗಲಿಲ್ಲ ಅತ್ತೆ."

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಅದಾದ ಮೇಲೆ ಅವನು ಇಕ್ಕಟ್ಟಿಗೆ ಸಿಕ್ಕಿಕೊಂಡ. ಹೇಳಿದರೆ ಒಂದು ಕಷ್ಟ, ಹೇಳದಿದ್ದರೆ ಇನ್ನೊಂದು. ಅವಳು 'ಬಸ್ಸು' ಅಂದಾಗಲೆಲ್ಲ, ಸುಳ್ಳು ಹೇಳುತ್ತಿರುವುದು ಅವಳಲ್ಲ, ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೂತ ತಾನು ಅನ್ನಿಸುತ್ತಿತ್ತು. ರಜೆಯ ದಿನ ಇಬ್ಬರೂ ಒಣಗಿದ ಬಟ್ಟೆ ಮಡಚುತ್ತಿದ್ದಾಗ ಬಾಯಿಬಿಟ್ಟ. ದಾರಿ ಉಳಿಸಿಕೊಂಡದ್ದು, ಬಗ್ ಅಂದುಕೊಂಡದ್ದು, ಎದುರಿಗೆ ನಿಂತು ನೋಡಿದ್ದು, ಒಂದನ್ನೂ ಬಿಡಲಿಲ್ಲ.

ಅವಳು ಕೈಯಲ್ಲಿದ್ದ ದುಪ್ಪಟಿಯನ್ನು ಹಾಗೇ ಹಿಡಿದುಕೊಂಡಳು. "ಅಂದ್ರೆ, ನಾನು ಬಗ್ಗಾ?"

ಅವನಿಗೆ ನಗು ಬಂತು, ಆದರೆ ಅವಳು ನಗುತ್ತಿರಲಿಲ್ಲ.

"ಊರಿಗೆಲ್ಲ ಬುದ್ಧಿ ಹೇಳ್ತೀರಿ. ಅದಕ್ಕೆ ಹೂಂ ಅನ್ನಬೇಡಿ, ಇದಕ್ಕೆ ಹೂಂ ಅನ್ನಬೇಡಿ ಅಂತ. ನೀವು ಕೇಳಿದ್ರಿ ಅಂತ ನಾನು ಹಿಂದೆಮುಂದೆ ನೋಡದೇ ಹೂಂ ಅಂದೆ. ಬೇರೆಯವರಾಗಿದ್ರೆ ಒಂದು ಸಲ ಯೋಚನೆ ಮಾಡ್ತಿದ್ದೆ."

"ಈಗಲೇ ಅಳಿಸಿಬಿಡ್ತೀನಿ. ಎಲ್ಲಾನೂ. ನೋಡು ಬೇಕಾದ್ರೆ."

"ಕಂಪ್ಯೂಟರಿಂದ ಅಳಿಸ್ತೀರಿ. ನಿಮ್ಮ ತಲೇಲಿ ಇರೋದು?"

ಅವನು ಮಡಚಿಟ್ಟಿದ್ದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದ. ಅವಳು ದುಪ್ಪಟಿಯನ್ನು ಮಡಚಿಟ್ಟು ಹೇಳಿದಳು. "ಅಲ್ಲಿ ಯಾರೂ ನನ್ನ ಏನೂ ಕೇಳ್ತಿರಲಿಲ್ಲ. ಆ ಹುಡುಗಿ ಕೂಡ ಮೊದಲನೇ ದಿನ ಏನು ಬೇಕು ಅಂದ್ಲು, ಆಮೇಲೆ ಸುಮ್ಮನಾದ್ಲು. ಅಷ್ಟೇ ಇದ್ದದ್ದು. ಇನ್ನು ಅಲ್ಲಿ ಕೂತ್ರೆ ಎದುರಿಗೆ ನೀವು ನಿಂತ ಹಾಗಿರುತ್ತೆ."

ಅಂದು ಅವನು ಎಲ್ಲರನ್ನೂ ಕೂರಿಸಿ ವಿಷಯ ತಿಳಿಸಿದ. ಮಗಳು ಮುಖ ಕೆಂಪಗೆ ಮಾಡಿಕೊಂಡು, "ಅಪ್ಪಾ, ನೀನೂನಾ!" ಎಂದು ಎದ್ದು ಹೋದಳು, ಫೋಟೋ ಕದಿಯುವವರ ಬಗ್ಗೆ ಅವಳು ಎಂದೂ ಅಷ್ಟು ಕೋಪಿಸಿಕೊಂಡಿರಲಿಲ್ಲ. ಅಮ್ಮನಿಗೆ ಇದೆಲ್ಲ ಗಂಭೀರವಾಗಿ ಕಾಣಲೇ ಇಲ್ಲ. "ನಮ್ಮ ಮನೆಯವರು ಎಲ್ಲಿದ್ದಾರೆ ಅಂತ ನಮಗೆ ಗೊತ್ತಾದ್ರೆ ಏನು ತಪ್ಪು? ನನ್ನ ಚುಕ್ಕಿ ಹಗಲೂ ರಾತ್ರಿ ಮನೇಲೇ ಇದೆ, ಬೇಕಾದವರು ನೋಡ್ಕೊಳ್ಳಿ," ಎಂದಳು. ಅವನು ಹಳೆಯ ದಾರಿಗಳನ್ನು ಅಳಿಸಿದ. ತಾನಾಗಿ ಓಡುವ ಚುಕ್ಕಿಗಳನ್ನು ನಿಲ್ಲಿಸಿ, ಮನಸ್ಸಿದ್ದರೆ ಒತ್ತುವ ಗುಂಡಿಯನ್ನಷ್ಟೇ ಉಳಿಸಿದ.

ಅಮ್ಮನ ಕರೆಗಳು ಮತ್ತೆ ಶುರುವಾದವು. ಹೆಂಡತಿ ಕೆಲಸ ಮುಗಿಸಿ ನೆಟ್ಟಗೆ ಮನೆಗೆ ಬರತೊಡಗಿದಳು. ಬಂದವಳೇ ಬ್ಯಾಗು ನೇತುಹಾಕಿ ಅಡುಗೆಮನೆಗೆ ನುಗ್ಗುತ್ತಿದ್ದಳು. ಹೊತ್ತಿಗೆ ಸರಿಯಾಗಿ ಬರುವ ಹೆಂಡತಿಯನ್ನು ಕಂಡು ಯಾರಿಗಾದರೂ ಸಮಾಧಾನವಾಗಬೇಕು. ಅವನಿಗೆ ಮಾತ್ರ ಅವಳ ಕೈಯಿಂದ ಏನನ್ನೋ ಕಿತ್ತುಕೊಂಡಂತಾಗುತ್ತಿತ್ತು. ಗಾಜು ಉಜ್ಜುವಾಗಲೂ ಅದೇ ಚಿಂತೆ. "ಏನಯ್ಯಾ, ಫೋನ್ ಕಳ್ಕೊಂಡೋನ ಹಾಗಿದ್ದೀಯ?" ಎಂದು ಯಜಮಾನರು ಕೇಳಿದರೆ, ಇಲ್ಲವೆಂದು ತಲೆಯಾಡಿಸುತ್ತಿದ್ದ.

ಹೀಗೇ ಹಲವು ವಾರ ಕಳೆದ ಮೇಲೆ ಒಂದು ಸಂಜೆ ಅವಳು ಬರಲಿಲ್ಲ. ಬೀದಿದೀಪಗಳು ಹೊತ್ತಿದವು. ಅಮ್ಮ ಕರೆ ಮಾಡಿದಳು, ಉತ್ತರವಿಲ್ಲ. "ನಿನ್ನ ಆ ಚುಕ್ಕಿ ಹಾಕಿ ನೋಡೋ!" ಎಂದು ಗೊಣಗಿದಳು.

"ಅದಿಲ್ಲಮ್ಮ ಈಗ. ಬರ್ತಾಳೆ ಬಿಡು."

ಹಾಗೆಂದವನ ಕಿವಿಯೆಲ್ಲ ಗೇಟಿನ ಕಡೆಗೇ ಇತ್ತು. ಏನಾದರೂ ಆಗಿದ್ದರೆ ಎಂದು ಒಂದು ಮನಸ್ಸು, ಆ ಅಂಗಡಿಯಲ್ಲೇ ಇದ್ದಾಳೇನೋ ಎಂದು ಇನ್ನೊಂದು. ಗೊತ್ತಿಲ್ಲದೆ ಇರುವುದು ಇಷ್ಟು ಕಷ್ಟವೇ ಎಂದುಕೊಂಡ. ಎರಡು ಸಲ ಚಪ್ಪಲಿ ಮೆಟ್ಟಿ, ಎರಡು ಸಲ ಬಿಟ್ಟ.

ಅವಳು ಬಂದಾಗ ಅಮ್ಮ ಬಾಗಿಲಲ್ಲೇ ತಡೆದಳು. "ಎಲ್ಲಿ ಹೋಗಿದ್ದೆ?"

"ಒಂದು ಕಡೆ ಸ್ವಲ್ಪ ಹೊತ್ತು ಕೂತಿದ್ದೆ ಅತ್ತೆ." ಬಸ್ಸಿನ ಹೆಸರು ಎತ್ತಲಿಲ್ಲ.

"ಕೂತ್ಕೊಳ್ಳೋಕೆ ಮನೇಲಿ ಜಾಗ ಇಲ್ವಾ?"

"ಇಲ್ಲ," ಎಂದಳು ಅವಳು. ದನಿಯೇರಿಸಲಿಲ್ಲ, ಮೆಲ್ಲಗೂ ಹೇಳಲಿಲ್ಲ.

ಅಮ್ಮ ಏನೋ ಹೇಳಹೋಗಿ ಸೊಸೆಯ ಮುಖ ನೋಡಿದಳು, ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹೆಂಡತಿ ಅವನ ಕಡೆ ತಿರುಗಿದಳು. ಎಲ್ಲಿ ಎಂಬ ಪ್ರಶ್ನೆ ಅವನ ನಾಲಿಗೆಯ ತುದಿಗೆ ಬಂದಿತ್ತು. ಅದು ಅವಳಿಗೂ ಕಂಡಿರಬೇಕು. ಕೇಳುತ್ತಾನೋ ಎಂದು ಕಾಯುವವಳಂತೆ ಒಂದು ಗಳಿಗೆ ನಿಂತಳು.

ಅವನು ಎದ್ದು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟ.