ಡಬ್ಬಿಯ ಮೇಲಿನ ಜುಟ್ಟು

ಮೂಗೊಂದೇ ಕಾಣುತ್ತಿದೆ, ಉಳಿದ ಮುಖವೆಲ್ಲ ನೊರೆ, ಬಿರಿದ ಹತ್ತಿ ಹೊಲದ ನಡುವೆ ಒಂದು ಕರಿ ಬದು ಎದ್ದು ನಿಂತ ಹಾಗೆ ಕನ್ನಡಿಯೊಳಗೆ ಆ ಮೂಗು, ನೊರೆ ಎಷ್ಟು ದಟ್ಟವಾಗಿದೆ, ಜಾರಿಲ್ಲ, ಗುಳ್ಳೆಯೊಡೆದು ಬತ್ತಿಲ್ಲ — ಇದು ಯಾರು ತುಂಬಿದ ಡಬ್ಬಿಯದು, ಜೊತೆಗೆ ತುಂಬುವ ಜುಲೇಖಾಳದೋ ತನ್ನದೋ, ಎಂದು ಅನಿತಾ ಬೆಂಚಿನ ತುದಿಯಲ್ಲಿ, ಇನ್ನೊಂದಿಷ್ಟು ಸರಿದರೆ ಬಿದ್ದೇ ಹೋಗುವ ತುದಿಯಲ್ಲಿ ಕುಳಿತು ನೋಡುತ್ತಿದ್ದಳು, ನೇರವಾಗಿ ಅಲ್ಲ, ಕನ್ನಡಿಯೊಳಗೆ ಮಾತ್ರ, ಗಂಡಸರ ಕಟಿಂಗ್ ಅಂಗಡಿಯೊಳಗೆ ಕಾಲಿಟ್ಟದ್ದು ಇದೇ ಮೊದಲು, ಕನ್ನಡಿಯೊಳಗಿನ ಗಂಡಸರನ್ನು ನೋಡಿದರೆ ನೋಡಿದ ಹಾಗಲ್ಲ ಎಂದು ತನಗೆ ತಾನೇ ಒಂದು ಕಾಯಿದೆ ಮಾಡಿಕೊಂಡಿದ್ದಳು. ಚೀಲ ಎದೆಗವಚಿಕೊಂಡು ಬಾಗಿಲಲ್ಲೇ ಕಂಬವಾಗಿದ್ದಾಗ ಬರ್ರಿ ಮೇಡಂ ಒಳಗ, ಹೆಣ್ಮಕ್ಕಳು ಬರಬಾರದು ಅಂತ ಬೋರ್ಡ್ ಏನೂ ಹಾಕಿಲ್ರಿ ನಾ, ಎಂದವನು ಕಳಕೇಶ, ಅಂಗಡಿ ಅವನದು, ನರಗುಂದದ ಕಟಿಂಗ್ ಅಂಗಡಿಯವರೆಲ್ಲ ಕೂಡಿ ರೋಣದಿಂದ ದಾಡಿ ಕ್ರೀಮು ತರಿಸುವುದೂ ಅವನ ಹೆಸರಿನಲ್ಲೇ, ಕುರ್ಚಿಯಲ್ಲಿದ್ದ ಮೂಗು ದ್ಯಾವಪ್ಪನವರದು, ನೊರೆಯೊಳಗಿಂದಲೇ ಯಾರ್ಪಾ ಬಂದಾಕಿ ಅಂದರು, ರೋಣದ ಕ್ರೀಮಿನವರ್ರೀ ಅಂದ ಅವನು, ಹಂಗಾರ ಮದಲ ನನ್ನ ದಾಡಿ ಮುಗಸು, ಆಮ್ಯಾಲ ಜಗಳಾಡು, ಅಂದರು ಅವರು — ಜಗಳ, ಹೌದು, ಜಗಳಕ್ಕೇ ಬಂದಿದ್ದಾಳೆ, ಬಾಯಿಲ್ಲದವಳನ್ನು ಹುಡುಕಿ ಜಗಳಕ್ಕೆ ಕಳಿಸಿದ್ದಾರೆ, ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಎರಡು ಡಬ್ಬಿ ಮುಚ್ಚಳ ತೆಗೆಸಿಕೊಂಡು ಸಾಕ್ಷಿಗೆ ಕುಳಿತಿವೆ, ಒಂದರಲ್ಲಿ ಕ್ರೀಮು ಕತ್ತಿನಿಂದ ಕೆಳಗೇ ನಿಂತಿದೆ, ಸಾರಿಸಿದ ನೆಲದ ಹಾಗೆ ನುಣುಪು, ನಡುವೆ ಹೊಕ್ಕುಳಿನಂತೆ ಸಣ್ಣ ತಗ್ಗು, ಇನ್ನೊಂದರಲ್ಲಿ ಅಂಚು ಮೀರಿ ಉಬ್ಬಿದೆ, ಮೆತ್ತಗೆ, ಉಸಿರು ಹಿಡಿದ ಕೆನ್ನೆಯ ಹಾಗೆ, ಅದರ ನೆತ್ತಿಯ ಮೇಲೆ ಒಂದು ಜುಟ್ಟು, ತುದಿ ಬಾಗಿದ ಬಿಳಿ ಜುಟ್ಟು, ಗುಮ್ಮಟದಂಥ ಮುಚ್ಚಳದೊಳಗೆ ಬದುಕಿ ಇಲ್ಲಿವರೆಗೆ ಬಂದಿದೆ, ಬಸ್ಸಿನ ಕುಲುಕಾಟಕ್ಕೂ ಬಗ್ಗದೆ.

ನಿನ್ನೆ ಫೋನಿನಲ್ಲಿ ಇದೇ ಕಳಕೇಶನ ದನಿ ರಮಜಾನಬಿ ಚಾಚಿಯ ಕೈಯಿಂದ ಹೊರಚೆಲ್ಲಿ ಒಲೆಯ ತನಕ ಕೇಳಿಸಿತ್ತು, ಒಂದು ಡಬ್ಬಿ ಅರ್ಧ, ಒಂದು ಡಬ್ಬಿ ತುಂಬಿ ತುಳಕತೈತಿ, ಒಂದು ಕಲ್ಲಿನಂಗ, ಒಂದು ಬೆಣ್ಣಿಯಂಗ, ನಮ್ಮ ಮಂದಿ ಮೋಸ ಅಂತಾರ್ರಿ, ನಾಳೆ ಯಾರರ ಬಂದು ಇದೇನು ಅಂತ ತಿಳಿಸಿ ಹೇಳ್ರಿ, ಇಲ್ಲಾಂದ್ರ ನಾವು ಹುಬ್ಬಳ್ಳಿಂದ ತರಸ್ಕೋತೀವಿ. ಚಾಚಿ ಫೋನಿಟ್ಟು ಒಲೆಯ ಮುಂದೆ ಕುಳಿತೇ ಬಿಟ್ಟಳು, ರೋಣದ ಹಿತ್ತಲಿನ ಆ ತಗಡಿನ ಕೋಣೆಯಲ್ಲಿ ಇರುವವರು ಮೂವರೇ, ಚಾಚಿ, ಅವಳ ಸೊಸೆ ಜುಲೇಖಾ, ಅನಿತಾ, ಕೊಬ್ಬರಿ ಎಣ್ಣೆ ಕಾಯಿಸಿ ಪೊಟ್ಯಾಶಿನ ನೀರು ಹೊಯ್ದು ಜೋಳದ ಅಂಬಲಿ ತಿರುವಿದ ಹಾಗೆ ತೋಳು ಸೋಲುವವರೆಗೆ ತಿರುವಿ, ಗುಲಾಬಿ ವಾಸನೆ ಹಾಕಿ, ಒಂದೊಂದು ಡಬ್ಬಿಯನ್ನೂ ತೂಕ ಮಾಡಿಯೇ ತುಂಬುತ್ತಾರೆ, ತೂಕದಲ್ಲಿ ಮೋಸವಿಲ್ಲ, ಮೋಸವೆನ್ನುವುದು ಕಣ್ಣಿಗೆ ಕಾಣುವುದು ಮಾತ್ರ, ಜುಲೇಖಾಳಿಗೆ ತಾಳ್ಮೆಯಿಲ್ಲ, ಬಿಸಿಯಿರುವಾಗಲೇ ಸುರಿಯುತ್ತಾಳೆ, ಬಿಸಿಯಾಗಿ ಬಿದ್ದದ್ದು ಆರುತ್ತ ಆರುತ್ತ ಒತ್ತೊತ್ತಾಗಿ ಕೆಳಗಿಳಿದು ಗಟ್ಟಿಯಾಗಿ ಕೂತುಬಿಡುತ್ತದೆ, ಅನಿತಾ ಆರಲು ಬಿಟ್ಟು ಚಮಚೆಯಿಂದ ತುಂಬುತ್ತಾಳೆ, ಅದರೊಳಗೆ ಗಾಳಿ ಸೇರುತ್ತದೆ, ಹಗುರಾಗಿ ಉಬ್ಬಿ ನಿಲ್ಲುತ್ತದೆ, ಅಷ್ಟೇ, ಒಂದೇ ಬೋಗುಣಿಯ ಕ್ರೀಮು, ಒಂದೇ ತೂಕ, ಗಜೇಂದ್ರಗಡದವರಿಗೆ ಜುಲೇಖಾಳ ಗಟ್ಟಿಯದೇ ಹಿಡಿಸುತ್ತದೆ, ಅವರು ತಕರಾರೆತ್ತಿದವರಲ್ಲ, ಈ ಸಲ ಎರಡೂ ನಮೂನೆ ಒಂದೇ ಪೆಟ್ಟಿಗೆಯಲ್ಲಿ ನರಗುಂದಕ್ಕೆ ಬಂದದ್ದೇ ಯಡವಟ್ಟಾಯಿತು. ನೀ ಡಿಗ್ರಿ ಓದಿದಾಕಿ, ನೀನ ಹೋಗು ಬೇಟಾ, ಅಂದಳು ಚಾಚಿ, ಆಮೇಲೆ ಎದ್ದು ಹೋಗಿ ಸ್ಟೀಲಿನ ಪಟ್ಟಿಯೊಂದನ್ನು ತಂದು ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದಳು, ಅವರು ಒಪ್ಪದಿದ್ರ ನಾಳಿಂದ ಎಲ್ಲಾ ಡಬ್ಬಿ ಬಿಸಿ ಸುರದು ಇದರಿಂದ ಬಾಯಿ ಸಮ ಎಳೀರಿ, ಯಾರ ಕೈ ಯಾವುದು ಅಂತ ಗೊತ್ತಾಗಬಾರದು — ಪಟ್ಟಿ ಮೊಳೆಯಲ್ಲಿ ಅಲುಗಾಡಿ ಒಲೆಯ ಬೆಳಕನ್ನು ಒಮ್ಮೆ ಅನಿತಾಳ ಕಣ್ಣಿಗೆ ಎಸೆಯಿತು, ಯಾರ ಕೈ ಯಾವುದು ಅಂತ, ಹಾಗಾದರೆ ಜುಟ್ಟು, ಜುಟ್ಟಿನ ಗತಿಯೇನು, ಎಂದು ಕೇಳಬೇಕೆಂದುಕೊಂಡಳು, ಕೇಳಲಿಲ್ಲ, ಹ್ಞೂಂ ಚಾಚಿ ಅಂದಳು.

ಏಕೆಂದರೆ ಜುಟ್ಟು ತೂಕದೊಳಗಿನದಲ್ಲ, ಅದು ಯಾರಿಗೂ ಗೊತ್ತಿಲ್ಲ, ಜುಟ್ಟು ತೂಕ ಮುಗಿದ ಮೇಲಿನದು, ಡಬ್ಬಿಯನ್ನು ತಕ್ಕಡಿಯಿಂದ ಇಳಿಸಿ ಮುಚ್ಚಳ ಹಾಕುವ ಮುಂಚೆ ಬೆರಳ ತುದಿಯಷ್ಟು ಕ್ರೀಮು ತೆಗೆದು ನೆತ್ತಿಗಿಟ್ಟು ಒಂದು ಸುತ್ತು ಸುತ್ತಿ ಮೇಲಕ್ಕೆಳೆದು ಬಿಡುವುದು, ಬಿಟ್ಟಾಗ ತುದಿ ತಾನಾಗಿಯೇ ನಾಚಿ ಬಾಗುತ್ತದೆ, ಆ ಕ್ಷಣಕ್ಕಾಗಿಯೇ ಅವಳು ದಿನವಿಡೀ ತುಂಬುವುದು, ಇದನ್ನು ಯಾರೂ ಕಲಿಸಿದ್ದಲ್ಲ, ಜಕ್ಕಲಿಯಲ್ಲಿ ಅಜ್ಜಿ ಅಡಿವೆವ್ವ ಬೆಣ್ಣೆ ಮಾರುವಾಗ ಹೀಗೆಯೇ, ತಕ್ಕಡಿ ಸಮ ನಿಂತ ಮೇಲೂ ಒಂದು ಬೆರಳು ಬೆಣ್ಣೆ ಮೇಲಿಟ್ಟು, ಇದು ಕೊಸರು ತಗೋ ಎನ್ನುತ್ತಿದ್ದಳು, ಜೋಳ ಅಳೆದರೆ ಸೇರಿನ ಮೇಲೆ ರಾಶಿ ನಿಂತು ತಾನೇ ಜಾರುವವರೆಗೆ ಕೈ ತೆಗೆಯುತ್ತಿರಲಿಲ್ಲ, ಬೋಳ ಸೇರು ಅಳದ ಮನಿ ಬೋಳ ಆಗತೈತಿ ನೋಡ ಯವ್ವಾ, ಅನ್ನುತ್ತಿದ್ದಳು, ಅನಿತಾ ಪಕ್ಕದಲ್ಲಿ ಕೂತು ಬೆಣ್ಣೆಗೆ ಜುಟ್ಟು ಎಳೆಯುವುದನ್ನೇ ಆಟ ಮಾಡಿಕೊಂಡಿದ್ದಳು, ಅದೂ ಎಡಗೈಯಿಂದ, ರೊಡ್ಡಗೈ ರೊಡ್ಡಗೈ ಎಂದು ಓಣಿಯೆಲ್ಲ ನಕ್ಕರೂ, ಸಾಲಿಯಲ್ಲಿ ಆ ಕೈಗೆ ಏಟು ಬಿದ್ದರೂ, ಅಜ್ಜಿ ಒಬ್ಬಳೇ, ಬೆಣ್ಣಿಗೆ ಎಡಾ ಬಲಾ ತಿಳಿಯೂದಿಲ್ಲ ಬಿಡ, ಅಂದಿದ್ದಳು. ಬರೆಯುವುದು ಬಲಗೈಯಿಂದ ಕಲಿತಳು, ಕೊಡುವುದು ತೆಗೆದುಕೊಳ್ಳುವುದು ಬಲಗೈಯಿಂದ ಕಲಿತಳು, ಜುಟ್ಟು ಎಳೆಯುವುದು ಎಡಗೈಗೇ ಉಳಿಯಿತು, ಮಾತು ಮಾತ್ರ ಯಾವ ಕೈಯಿಂದಲೂ ಬರಲಿಲ್ಲ, ಎಲ್ಲ ಡೈರಿಗೇ ಹೋಯಿತು, ಇವತ್ತು ಹೇಳಬೇಕಾದ್ದನ್ನೂ ಅಲ್ಲೇ ಬರೆದು ಬಾಯಿಪಾಠ ಮಾಡಿದ್ದಳು, ತುಂಬುವಾಗಿನ ಉಷ್ಣತೆಯ ವ್ಯತ್ಯಾಸದಿಂದ ಮಟ್ಟದಲ್ಲಿ ಭಿನ್ನತೆ ತೋರಿದರೂ ತೂಕದಲ್ಲಿ ಏಕರೂಪತೆ ಇರುತ್ತದೆ — ರೋಣದಿಂದ ಬರುವ ಬಸ್ಸಿನಲ್ಲಿ ಇದನ್ನು ತುಟಿಯಲ್ಲೇ ಅಂದುಕೊಳ್ಳುತ್ತ ಬಂದಳು, ಎರಡೂ ಕಡೆ ಎರೆ ಹೊಲ, ಕಡಲೆಯ ಹಸಿರು, ಬೆಣ್ಣೆಹಳ್ಳ ದಾಟುವಾಗ ಅಜ್ಜಿ ನೆನಪಾಗಿ ನಗು ಬಂತು, ನಕ್ಕಾಗ ಏಕರೂಪತೆ ಹಳ್ಳಕ್ಕೆ ಬಿದ್ದುಹೋಯಿತು, ಮುಂದೆ ನರಗುಂದದ ಗುಡ್ಡ ಕಂಡಿತು, ಮೇಲೆ ಸಪಾಟು, ಜುಲೇಖಾ ತುಂಬಿದ ಗುಡ್ಡ ಅಂದುಕೊಂಡಳು, ಗಜೇಂದ್ರಗಡದ ಗುಡ್ಡವೇ ಚಲೋ, ಅದರ ನೆತ್ತಿಗೆ ಗಾಳಿಯ ಫ್ಯಾನುಗಳನ್ನು ಯಾರೋ ಕೊಸರು ಇಟ್ಟಿದ್ದಾರೆ.

ಮುಗೀತ್ರಿ ಒಂದು ಕಡಿ, ಈಗ ಹೇಳ್ರಿ ಮೇಡಂ, ಎಂದ ಕಳಕೇಶ, ಕನ್ನಡಿಯೊಳಗಿಂದಲೇ, ದ್ಯಾವಪ್ಪನವರ ಒಂದು ಕೆನ್ನೆ ಎಣ್ಣೆ ಸವರಿದ ಹಂಚಿನಂತೆ ಹೊಳೆಯುತ್ತಿತ್ತು, ಇನ್ನೊಂದರಲ್ಲಿ ನೊರೆ ಹಾಗೇ, ಅರ್ಧ ದಾಡಿಗೆ ಬಿಟ್ಟಿಯೇನಲೇ ಅಂತ ಅವರು, ಮಾತು ಬೇಕಿದ್ದು ಈಗಲೇ, ಉಷ್ಣತೆಯ ವ್ಯತ್ಯಾಸದಿಂದ, ತುಂಬುವಾಗಿನ, ಅಲ್ಲ, ಮಟ್ಟದಲ್ಲಿ — ಅವಳು ಎದ್ದು ಎರಡೂ ಡಬ್ಬಿಯ ಕಡೆ ಕೈ ತೋರಿಸಿ, ಅಂಗೈ ಮೇಲೆ ಕೆಳಗೆ ಆಡಿಸಿ ತಕ್ಕಡಿಯ ಸನ್ನೆ ಮಾಡಿದಳು, ಅವನು ನೋಡಿ, ತೂಕಾ ಮಾಡೂಣು ಅಂತೀರೇನು, ಖರೇ, ನಡ್ರಿ ಹಂಗಾರ, ಅಂದ, ತೂಕವೆಂದ ಮೇಲೆ ಅವಳಿಗೆ ಹೊಳೆಯಿತು, ಅಯ್ಯೋ, ಜುಲೇಖಾಳದು ಸರಿ ಬರುತ್ತದೆ, ತನ್ನದು ಬರುವುದಿಲ್ಲ, ತನ್ನದು ಹೆಚ್ಚು ತೂಗುತ್ತದೆ, ಹಿಂಗ ಡಬ್ಬಿ ಡಬ್ಬಿಗೂ ಹಂಚಿದ್ರ ನನ್ನ ಒಲಿ ಆರತೈತಿ ಎನ್ನುತ್ತಾಳೆ ಚಾಚಿ, ಪಟ್ಟಿ ಮೊಳೆಯಿಂದ ಇಳಿಯುತ್ತದೆ, ಆದರೆ ಕಳಕೇಶ ಒಂದೊಂದು ಕೈಯಲ್ಲಿ ಒಂದೊಂದು ಡಬ್ಬಿ ಹಿಡಿದು ಆಗಲೇ ಹೊರಗೆ, ಕತ್ತಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡ ದ್ಯಾವಪ್ಪನವರು ಅವನ ಹಿಂದೆ, ಅವರ ಹಿಂದೆ ಅವಳು, ಬಜಾರಿನ ಮಂದಿ ತಿರುತಿರುಗಿ ನೋಡಿದರು, ಯಾರ ಮೆರವಣಿಗಿ ಇದು ಕಾಕಾ ಅಂದರೆ ನನ್ನ ಅರ್ಧ ದಾಡಿದು ಅನ್ನುತ್ತ ಹೊರಟರು ಅವರು, ಪಕ್ಕದಲ್ಲೇ ದಿಲಾವರನ ಬೇಕರಿ, ಅವನು ತಕ್ಕಡಿಯ ಮೇಲಿನ ಖಾರಾ ಮಿಕ್ಸ್ಚರಿನ ಚೀಲ ಇಳಿಸಿ, ಕ್ರೀಮ್ ಕೇಕ ಮಾಡಸ್ತೀಯೇನೋ ಕಳಕೇಶ, ಅಂದ. ನುಣುಪು ಡಬ್ಬಿ ಇಟ್ಟರು, ಡಬ್ಬಿ ಸೇರಿಸಿ ಚೀಟಿಯ ಮೇಲೆ ಬರೆದಷ್ಟೇ ತೋರಿಸಿ ನಿಂತಿತು, ಆಂ, ಇದು ಬರೋಬ್ಬರಿ ಐತಲ್ಲೋ, ಇದನ್ನ ಅರ್ಧ ಅಂತಿದ್ರಿ ನೀವು, ಅಂದ ದಿಲಾವರ, ಈಗ ಜುಟ್ಟಿನ ಡಬ್ಬಿ, ಕೆಂಪು ಅಂಕಿಗಳು ಓಡಿ ಓಡಿ ನಿಂತವು, ಇದು ಜಾಸ್ತಿ ಐತಿ, ಅಂದ ದಿಲಾವರ, ಮತ್ತೊಮ್ಮೆ ಇಟ್ಟು, ಜಾಸ್ತಿನ ಐತ್ರಿ, ಅಂದ, ಯಾಕ್ರೀ ಇದು ಜಾಸ್ತಿ, ಎಂದು ಕೇಳಿದ್ದು ಕಳಕೇಶ, ಮೂವರೂ ತನ್ನ ಕಡೆ ತಿರುಗಿದರು, ಕನ್ನಡಿಯಿಲ್ಲ, ನೇರ ಮುಖಗಳು, ಒಂದು ಅರ್ಧ ನೊರೆಯದು, ಓಡಿಹೋಗಲು ಬಜಾರು ತೆರೆದೇ ಇತ್ತು, ಡಬ್ಬಿಯ ಮೇಲೆ ಜುಟ್ಟು ಬಾಗಿ ನಿಂತಿತ್ತು, ಅದು ಓಡುತ್ತಿರಲಿಲ್ಲ — ಅದು ಕೊಸರ್ರೀ, ಅಂದಳು ಅನಿತಾ.

ತನ್ನದೇ ದನಿ, ಬೇಕರಿಯ ಗಾಜಿಗೆ ತಾಗಿ ವಾಪಸು ಬಂತು, ಅದರ ಹಿಂದೆಯೇ ಉಳಿದದ್ದೆಲ್ಲ, ಬಿಸಿ ಸುರದ್ರ ಕೆಳಗ ಕುಂದರತೈತ್ರಿ, ಆರಿಸಿ ತುಂಬಿದ್ರ ಉಬ್ಬತೈತಿ, ತೂಕಾ ಒಂದರೀ, ಇದು ನಾ ತುಂಬಿದ್ದು, ಬೋಳ ಅಳತಿ ಕೊಡಬಾರದು ಅಂತ ನಮ್ಮಜ್ಜಿ, ಅದಕ್ಕ ಮ್ಯಾಲ ಒಂದೀಟು, ಡೈರಿಯ ಒಂದು ಮಾತೂ ಅದರಲ್ಲಿರಲಿಲ್ಲ, ದ್ಯಾವಪ್ಪನವರು ನಕ್ಕ ರಭಸಕ್ಕೆ ನೊರೆಯ ಹನಿ ಖಾರಾ ಚೀಲದ ಮೇಲೆ ಬಿತ್ತು, ಕೇಳ್ರಲೇ, ದಾಡಿ ಕ್ರೀಮಿಗೂ ಕೊಸರು, ಹಿಂಗ ಕೊಡಾಕಿಗೆ ಮೋಸ ಅಂದಿರಲ್ಲೋ ನೀವು, ದಿಲಾವರ, ನೀನೂ ಒಂದೀಟು ಕಲಿ, ಪಾವಕಿಲೋ ಖಾರಾ ಕಾಳು ಎಣಿಸಿ ಕೊಡ್ತಿ, ಅಂದರು, ದಿಲಾವರ ಅವಳಿಗೊಂದು ಬಿಸಿ ಟೋಸ್ಟು ಕಾಗದದಲ್ಲಿ ಸುತ್ತಿ ಕೊಟ್ಟು, ಇದು ಕೊಸರು, ಅಂದ, ಕಳಕೇಶ ಅಲ್ಲೇ ನಿಂತು ಫೋನು ಹಚ್ಚಿ ದನಿ ಎಲ್ಲರಿಗೂ ಕೇಳುವ ಹಾಗೆ ಮಾಡಿದ, ಚಾಚಿ, ಮಾಲು ಬರೋಬ್ಬರಿ ಐತ್ರಿ, ಕಳಸೂದು ನಡೀಲಿ, ಆದರ ನಮಗ ಎಲ್ಲಾ ಡಬ್ಬಿಗೂ ಜುಟ್ಟು ಬೇಕ್ರೀ, ಯಾ ಜುಟ್ಟು, ಅಂದಳು ಚಾಚಿ, ನಿಮ್ಮ ಮೇಡಂ ಹೇಳಿದ್ರಲ್ರೀ, ಕೊಸರು ಅಂತ, ಅಂದ ಅವನು, ಅತ್ತ ಕಡೆ ಒಲೆಯ ಭುರ್ ಸದ್ದಿನ ಮೇಲೆ ಚಾಚಿಯ ದನಿ ಏರಿತು, ಏನಂದಿ, ನಮ್ಮ ಅನಿತಾ ಬಾಯಿ ತಗದ್ಲಾ, ಯಾ ಅಲ್ಲಾ, ಜುಲೇಖಾ ಬಾ ಇಲ್ಲೆ, ಅನಿತಾ ಮಾತಾಡ್ಯಾಳಂತ — ಚಾಚಿಗೆ ಜುಟ್ಟು, ತೂಕ, ಲುಕ್ಸಾನು ಎಲ್ಲ ಮರೆತೇ ಹೋಯಿತು, ಕೊನೆಗೆ ನೆನಪಾಗಿ, ಬೇಟಾ, ಆ ಜುಟ್ಟು ತೂಕದ ಒಳಗ ಇಡವಾ, ಮ್ಯಾಲ ಬ್ಯಾಡ, ಪಟ್ಟಿ ಜುಲೇಖಾಗ ರೊಟ್ಟಿ ತಿರುವಾಕ ಆತು, ಹ್ಞೂಂ ಚಾಚಿ ಅಂದಳು ಅನಿತಾ, ಮನಸ್ಸಿನೊಳಗೆ ಮಾತ್ರ, ಒಳಗೂ ಇಡುತ್ತೇನೆ, ಮೇಲೂ ಒಂದು ಸಾಸಿವೆಯಷ್ಟು, ಅದು ತಕ್ಕಡಿಗೆ ಗೊತ್ತಾಗುವುದಿಲ್ಲ.

ಮತ್ತೆ ಅಂಗಡಿ, ಮತ್ತೆ ಬೆಂಚು, ಈ ಸಲ ತುದಿಯಲ್ಲಲ್ಲ, ಟೋಸ್ಟು ಕರುಕುರು, ಬಸ್ಸಿಗೆ ಇನ್ನೂ ಹೊತ್ತಿದೆ, ದ್ಯಾವಪ್ಪನವರ ಒಣಗಿದ ಅರ್ಧಕ್ಕೆ ಮತ್ತೆ ನೀರು ಹಚ್ಚುತ್ತ ಕಳಕೇಶ, ಒಂದ ಮಾತು ಕೇಳ್ಲೇನ್ರಿ, ನೀವು ರೊಡ್ಡರಲ್ರೀ, ಅಂದ, ಅವಳು ಟೋಸ್ಟನ್ನು ಕಾಗದದ ಮೇಲಿಟ್ಟಳು, ಅದ್ಹೆಂಗ ಗೊತ್ತು ಅಂತ ದ್ಯಾವಪ್ಪನವರೇ ಕೇಳಿದರು, ಜುಟ್ಟಿನ ಸುತ್ತು ನೋಡ್ರಿ ಕಾಕಾ, ಮಂದಿ ಸುತ್ತೂದು ಹಿಂಗ, ಇದು ಹಂಗ ಉಲ್ಟಾ ಸುತ್ತೇತಿ, ನನ್ನ ಬ್ರಶ್ ತಿರುಗೂದೂ ಹಂಗ, ಇವರ ಡಬ್ಬಿ ತಗದ ದಿನಾ ನನ್ನ ಕೈಗೆ ಹಬ್ಬ, ಅವನು ಹೇಳಿದ, ಅವಳು ಕನ್ನಡಿಯಲ್ಲಿ ನೋಡಿದಳು, ಕನ್ನಡಿಯವನ ಬ್ರಶ್ಶು ಬಲಗೈಯಲ್ಲಿತ್ತು, ಹೊತ್ತೆಲ್ಲ ಬಲಗೈಯಲ್ಲೇ ಇತ್ತಲ್ಲ, ಹಾಗಾದರೆ, ಕಾಯಿದೆ ಮುರಿದು ಅಂಗಡಿಯೊಳಗೆ ಮೊದಲ ಸಲ ಕನ್ನಡಿ ಬಿಟ್ಟು ಅವನ ಕಡೆಗೇ ನೋಡಿದಳು, ಎಡಗೈ, ರೊಡ್ಡಗೈ, ಓಣಿಯೆಲ್ಲ ನಕ್ಕ ಕೈ, ಬ್ರಶ್ಶು ಹಿಡಿದು ಅವಳ ಡಬ್ಬಿಯ ಮೇಲೆ ಬಂದು ನಿಂತಿದೆ, ಈಗ ಇಳಿಯುತ್ತದೆ, ಈಗ ಜುಟ್ಟು ಕರಗಿ ದ್ಯಾವಪ್ಪನವರ ಕೆನ್ನೆಯಾಗುತ್ತದೆ, ಇಲ್ಲ, ಇಳಿಯಲಿಲ್ಲ, ಬ್ರಶ್ಶು ಪಕ್ಕದ ನುಣುಪು ಡಬ್ಬಿಗೆ ಹೋಯಿತು, ಇದು ಇರಲಿ ತಗೋರಿ, ಎಂದು ಅವನು ಜುಟ್ಟಿನ ಡಬ್ಬಿಯನ್ನು ಕನ್ನಡಿಗೆ ತಾಗಿಸಿ ಸರಿಸಿದ, ಸರಿಸಿದಾಗ ತುದಿ ಕನ್ನಡಿಯ ಕಡೆ ತಿರುಗಿತು, ಕನ್ನಡಿಯೊಳಗಿಂದ ಇನ್ನೊಂದು ಜುಟ್ಟು, ಅದರ ತುದಿ ಈ ಕಡೆ ಬಾಗಿ, ಬಿಳಿ ತುದಿಗೆ ಬಿಳಿ ತುದಿ, ನಡುವೆ ಒಂದು ಬೆರಳಿನಷ್ಟೂ ಜಾಗವಿಲ್ಲ, ಬಿಳಿ ತುದಿಗೆ ಬಿಳಿ ತುದಿ —